ಧಾರವಾಡದ ಕಲ್ಲುಗಳೂ ಒಬ್ಬ ಹುಡುಗನ ಪ್ರಶ್ನೆಯೂ

ಪರಸ್ಥಳದಿಂದ ಧಾರವಾಡಕ್ಕೆ ಬರುವ ಬೀಗರು ಬಿಜ್ಜರು ಮೊಟ್ಟಮೊದಲು ಕೇಳುವದು ಪೇಢೆಯ ಅಂಗಡಿಯು ಎಲ್ಲಿರುವದೆಂದು. ಎರಡನೆಯದಾಗಿ ಕೇಳುವದು ತಮ್ಮ ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸಿದರೆ ಲೇಸೆಂದು. ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವದರಲ್ಲಿ ನಮ್ಮ ಊರವರು ನಿಷ್ಣಾತರು. ಆದರೆ ದಾರಿಯ ಬದಿಯಲ್ಲಿ ನಿಂತ ಒಂದು ಕಲ್ಲನ್ನು ತೋರಿಸಿ, ಇದು ಯಾರದು, ಏತಕ್ಕಾಗಿ ನಿಲ್ಲಿಸಿದ್ದು ಎಂದು ಯಾರಾದರೂ ಕೇಳಿದರೆ ಊರವರು ತಡವರಿಸುತ್ತಾರೆ. ಊರವರೆಂದೇಕೆ ಹೇಳಬೇಕು? ಮೂರು ದಶಕಗಳಿಗೂ ಮಿಕ್ಕಿ ಇಲ್ಲಿಯ ಮಕ್ಕಳಿಗೆ ಪಾಠ ಹೇಳಿದ ನಾವೇ ಒಮ್ಮೆ ತಡವರಿಸಿದ್ದೇವೆ. ಆ ಸಂಗತಿಯನ್ನು ಮುಂದೆ ಹೇಳುವೆವು.

ನಾವು ಸಂಸ್ಕೃತದ ಮಾಸ್ತರರು; ಆದಕಾರಣ ಯಾವ ಮಾತನ್ನೂ ಶಬ್ದದಿಂದಲೇ ಮೊದಲು ಮಾಡುವ ಚಟವು ನಮ್ಮನ್ನು ಬಿಟ್ಟಿಲ್ಲ; ವಾಚಕರು ಕ್ಷಮಿಸಬೇಕು. 'ಸ್ಮಾರಕ'ವೆಂಬ ಶಬ್ದವು 'ಸ್ಮೃ' ಧಾತುವಿನ ಪ್ರೇರಣಾರ್ಥಕ ರೂಪದಿಂದ ಹುಟ್ಟಿದ್ದು. ನೆನೆಯುವದು ಎಂದು ಅದರ ಅರ್ಥವಲ್ಲ; ನೆನೆಯುವಂತೆ ಮಾಡುವದು ಎಂದು ಅರ್ಥ. ಕಲ್ಲು ತಾನು ಏನನ್ನೂ ನೆನೆಯಲಾರದು. ಎದುರಿಗೆ ಓದುವವನೊಬ್ಬನು ಬಂದು ನಿಂತಾಗ ಅವನಿಂದ ನೆನೆಯಿಸಬಲ್ಲದು, ಅಷ್ಟೇ. ಓದುವವನು ಬಾರದಿದ್ದರೆ ಸ್ಮಾರಕವು ಬರಿಯ ಕಲ್ಲಾಗಿಯೇ ಉಳಿಯುವದು; ಅದರ ಮೇಲೆ ಜಾಹೀರಾತು ಅಂಟಿಸುವವರು ಅದನ್ನು ಗೋಡೆಯೆಂದು ತಿಳಿದರೆ ಅವರನ್ನು ದೂರುವಂತಿಲ್ಲ.

ಸೇವಾನಿವೃತ್ತರಾದ ಮೇಲೆ ನಮಗೆ ಬೆಳಗಿನ ವಾಯುಸೇವನೆಯ ಅಭ್ಯಾಸವಾಗಿದೆ. ಸುಮ್ಮನೆ ನಡೆಯುವದಕ್ಕಿಂತ ಊರ ಹಳೆಯ ಗುರುತುಗಳನ್ನು ಒಂದೊಂದಾಗಿ ನೋಡುತ್ತ ನಡೆಯೋಣವೆಂದು ನಿಶ್ಚಯಿಸಿದೆವು. ಆಯಿತವಾರಗಳಂದು ಹತ್ತು ವರ್ಷದ ಮೊಮ್ಮಗಳು ಜೊತೆಗೆ ಬರುವಳು. ನಮ್ಮ ಮನೆಯವರಿಗೆ ಮಾತ್ರ ಈ ತಿರುಗಾಟವು ಅಷ್ಟು ಸೇರುವದಿಲ್ಲ. "ಕಾಯಿಪಲ್ಯೆ ತರಲಿಕ್ಕೆ ಹೋದವರು ಕಲ್ಲು ನೋಡಿಕೋತ ಬರಿಗೈಲೆ ಬಂದ್ರಿ" ಎಂದು ಅವರು ಎರಡು ಸಲ ಆಕ್ಷೇಪಿಸಿದ್ದಾರೆ. ಎರಡು ಸಲವೂ ಆಕ್ಷೇಪಣೆಯು ಯಥಾರ್ಥವಾಗಿತ್ತು.

ಮೊದಲು ಕಿಲ್ಲೆಗೆ ಹೋದೆವು. ಕಿಲ್ಲೆಯೆಂದರೆ ಈಗ ಒಂದು ಹೆಬ್ಬಾಗಿಲೂ ಅಲ್ಲಲ್ಲಿ ಕಂದಕದ ಗುರುತೂ ಮಾತ್ರ. ಕೋಟೆಯಿದ್ದ ಸ್ಥಳದಲ್ಲಿ ಬಹುಕಾಲದಿಂದ ಆಸ್ಪತ್ರೆಯಿರುವದು. ಮೈಸೂರಿನ ಮೂರನೆಯ ಯುದ್ಧದಲ್ಲಿ ಟೀಪೂ ಸುಲ್ತಾನನ ಪಕ್ಷದಿಂದ ಬದ್ರುಜ್ಜಮಾನ್ ಖಾನನೆಂಬ ಸರದಾರನು ಈ ಕೋಟೆಯನ್ನು ಕಾಯುತ್ತಿದ್ದನು. ಪರಶುರಾಮಭಾವು ಪಟವರ್ಧನನ ಮರಾಠಾ ಸೈನ್ಯವೂ ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟ್ಲನ ಆಂಗ್ಲ ತುಕಡಿಯೂ ಕೂಡಿ 1790ರ ಸಪ್ಟಂಬರದಲ್ಲಿ ಮುತ್ತಿಗೆ ಹಾಕಿದವು. ಮಣ್ಣಿನ ಆ ಕೋಟೆಯು ಮುಂದಿನ ಎಪ್ರಿಲ್ ತಿಂಗಳಿನವರೆಗೆ ಕೈಗೆ ಸಿಗಲಿಲ್ಲ. ಆ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ತರುಣ ಸೈನಿಕನಿದ್ದನು. ಅವನು ಈ ದಂಡಯಾತ್ರೆಯ ವೃತ್ತಾಂತವನ್ನು 1794ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು. ಹದಿನಾರು ವರ್ಷಗಳ ತರುವಾಯ ನಮ್ಮ ದೇವತೆಗಳನ್ನು ಕುರಿತು 'ಹಿಂದೂ ಪ್ಯಾಂಥಿಯನ್' ಎಂಬ ದೊಡ್ಡ ಗ್ರಂಥವನ್ನೇ ಬರೆದನು. ಸಂಸ್ಕೃತ ಬಲ್ಲವರು ಆ ಗ್ರಂಥದಲ್ಲಿ ತಪ್ಪುಗಳನ್ನು ಹೇರಳವಾಗಿ ಹುಡುಕಬಹುದು. ಆದರೂ ಫಿರಂಗಿಯ ಸದ್ದು ಕೇಳಿದ ಕಿವಿಯು ಪುರಾಣಕ್ಕೂ ತೆರೆದುಕೊಂಡಿತೆಂಬುದು ಸಣ್ಣ ಮಾತಲ್ಲ. ಹೆಬ್ಬಾಗಿಲ ಕೆಳಗೆ ನಿಂತು ನಾವು ಇದನ್ನೆಲ್ಲ ವಿಸ್ತರಿಸುತ್ತಿದ್ದಾಗ ರೋಗಿಯೊಬ್ಬರ ಬಂಧುಗಳು ಬಂದು ರಕ್ತಪರೀಕ್ಷೆಯ ಕೋಣೆಯು ಯಾವ ಕಡೆಗೆಂದು ಕೇಳಿದರು. ಇತಿಹಾಸವನ್ನು ಅಲ್ಲಿಗೇ ನಿಲ್ಲಿಸಿ ದಾರಿ ತೋರಿಸಿದೆವು.

ಎರಡನೆಯ ಸ್ಮಾರಕವು ಥ್ಯಾಕರೆ ಸಾಹೇಬನದು. ಕಿತ್ತೂರಿನ ಕಥೆಯನ್ನು ಕನ್ನಡಿಗರ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೇಸಾಯಿಯು ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಬೊಕ್ಕಸಕ್ಕೆ ಮುದ್ರೆ ಹಾಕಿಸಿದವನು ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆ. ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆದು ಹೊರಬಿದ್ದ ಚನ್ನಮ್ಮರಾಣಿಯ ಪಡೆಯ ಕೈಯಲ್ಲಿ ಅವನು ಮಡಿದನು. ಆಂಗ್ಲ ಕಾದಂಬರಿಕಾರನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಇವನು ಚಿಕ್ಕಪ್ಪನಾಗಬೇಕು. ಆ ಕಾದಂಬರಿಗಳನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಗೆ ಕುಳಿತ ನಮ್ಮ ಎಷ್ಟೋ ಹುಡುಗರಿಗೆ ಆ ವಂಶದವನೊಬ್ಬನು ತಮ್ಮ ಊರಿನ ಮಣ್ಣಿನೊಡನೆ ಹೀಗೆ ಸಂಬಂಧ ಪಡೆದಿರುವನೆಂಬುದು ಗೊತ್ತಿರಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾ, ಇವರು ನಮ್ಮವರೋ ಅವರವರೋ?" ಎಂದು ಕೇಳಿದಳು. ಅವರವರೆಂದು ಹೇಳಿದೆವು. "ಹಂಗಾರ ಇದನ್ನ ನಾವ್ಯಾಕ ನೋಡಬೇಕು?" ಎಂದಳು. ಮಕ್ಕಳ ತರ್ಕವು ನೇರವಾದದ್ದು. ನಾವು ಆಗ ಅವಳಿಗೆ ಇನ್ನೊಬ್ಬ ಆಂಗ್ಲನ ಕಥೆಯನ್ನು ಹೇಳಬೇಕಾಯಿತು. ವಾಚಕರಿಗೂ ಅದನ್ನು ಹೇಳುವೆವು. ಏಕೆಂದರೆ ನಮ್ಮ ಮಟ್ಟಿಗೆ ಈ ಊರಿನ ಎಲ್ಲ ಕಥೆಗಳಲ್ಲಿ ಇದೇ ಹೆಚ್ಚು ರುಚಿಕರವಾದದ್ದು.

ಥ್ಯಾಕರೆಯ ಕೈಕೆಳಗೆ ವಾಲ್ಟರ್ ಎಲಿಯಟ್ ಎಂಬ ಇಪ್ಪತ್ತೊಂದು ವರ್ಷದ ಅಧಿಕಾರಿಯಿದ್ದನು. ಆ ದಿನ ಅವನೂ ಸ್ಟೀವನ್‌ಸನ್ ಎಂಬ ಮತ್ತೊಬ್ಬನೂ ಕಿತ್ತೂರಿನವರಿಗೆ ಸೆರೆಸಿಕ್ಕರು. ರಾಣಿಯು ಮನಸ್ಸು ಮಾಡಿದ್ದರೆ ಅವರ ತಲೆಗಳು ಅಲ್ಲಿಯೇ ಉರುಳಬಹುದಾಗಿತ್ತು. ಹಾಗಾಗಲಿಲ್ಲ, ಸುಮಾರು ಆರು ವಾರ ಅವರನ್ನು ಗೌರವದಿಂದ ನಡೆಸಿಕೊಂಡು ಡಿಸೆಂಬರದ ಆರಂಭದಲ್ಲಿ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಬೆನ್ನಿಗೇ ಕುಂಪಣಿಯ ಸೈನ್ಯವು ಕಿತ್ತೂರನ್ನು ಹಿಡಿಯಿತೆಂಬುದೂ, ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳೆಂಬುದೂ ಇತಿಹಾಸ. ಆದರೆ ಆ ಎಲಿಯಟ್‌ನು ಮುಂದೆ ಏನು ಮಾಡಿದನು? ಈ ಪ್ರಾಂತದಲ್ಲಿ ಹಲವು ವರ್ಷವಿದ್ದು, ಗುಡಿಗುಂಡಾರಗಳಲ್ಲಿಯೂ ಹೊಲದ ಬದುವುಗಳಲ್ಲಿಯೂ ಯಾರೂ ಕೇಳದೆ ಬಿದ್ದಿದ್ದ ಕನ್ನಡ ಶಾಸನಗಳನ್ನು ಹುಡುಕಿಸಿ, 500ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದನು. ಚಾಲುಕ್ಯರು, ಕಲಚೂರ್ಯರು, ಯಾದವರು ಎಂದು ನಾವು ಇಂದು ಶಾಲೆಯಲ್ಲಿ ಕ್ರಮವಾಗಿ ಹೇಳುವ ರಾಜವಂಶಾವಳಿಗಳ ಎಳೆಗಳು ಮೊದಲು ಕೈಗೆ ಸಿಕ್ಕದ್ದು ಆ ಸಂಗ್ರಹದಿಂದ. ಮುಂದೆ ಫ್ಲೀಟ್ ಮೊದಲಾದ ಪಂಡಿತರು ಅದರ ಆಧಾರದ ಮೇಲೆಯೇ ಕೆಲಸ ಸಾಗಿಸಿದರು. ಕನ್ನಡ ನಾಡಿನ ರಾಣಿಯೊಬ್ಬಳು ಪ್ರಾಣದಿಂದ ಉಳಿಸಿದ ಮನುಷ್ಯನು ಕನ್ನಡ ನಾಡಿನ ಕಲ್ಲುಗಳ ಮಾತನ್ನು ಉಳಿಸಿದನು. ಎಲಿಯಟ್‌ನನ್ನು ನಾವು ಕೇವಲ ಹೊಗಳುವವರಲ್ಲ. ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಅಗೆಯಿಸಿದವನೂ ಅವನೇ. ಅವು ಅವನ ಹೆಸರಿನಿಂದಲೇ ಕರೆಯಲ್ಪಟ್ಟು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಕಲ್ಲನ್ನು ಪ್ರೀತಿಸುವವರು ಕಲ್ಲನ್ನು ಒಯ್ಯುವವರೂ ಆಗುವದುಂಟು.

ಅಷ್ಟು ಕೇಳಿದ ಮೇಲೆ ಮೊಮ್ಮಗಳು, ಹಾಗಾದರೆ ರಾಣಿಯು ಬಿಟ್ಟವನನ್ನು ನೋಡಬೇಕು, ಸತ್ತವನನ್ನಲ್ಲ ಎಂದು ತೀರ್ಪು ಕೊಟ್ಟಳು. ಬಿಟ್ಟವನ ಸ್ಮಾರಕವು ಧಾರವಾಡದಲ್ಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಶಾಸನದ ಮಾತು ಬಂದದ್ದರಿಂದ ನಮ್ಮ ಮನೆತನದ ಒಂದು ದೋಷವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಊರಿಂದ ಕೆಲವು ಹರದಾರಿ ದೂರದ ಹಳ್ಳಿಯಲ್ಲಿ ನಮ್ಮ ಅಜ್ಜಂದಿರ ಮನೆಯಿತ್ತು. ಹಿತ್ತಲ ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲೊಂದು ಹಾಸಿತ್ತು. ಅದರ ತುದಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು, ಇಷ್ಟು ಆಕೃತಿಗಳು ಇದ್ದವು. ಬಾಲ್ಯದಲ್ಲಿ ನಾವು ಆ ಆಕಳಿನ ಮೇಲೆ ಕುಳಿತು ಸ್ನಾನ ಮಾಡುತ್ತಿದ್ದೆವು. ಕೆಳಗೆ ಸಾಲು ಸಾಲಾಗಿ ಅಕ್ಷರಗಳಿದ್ದ ಜಾಗವು ಮೂರು ತಲೆಮಾರಿನ ಧೋತರ ಸೀರೆಗಳ ಪೆಟ್ಟಿಗೆ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಅದು ದಾನಶಾಸನವೆಂದು ನಮಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಸೂರ್ಯಚಂದ್ರರಿರುವವರೆಗೆ ಈ ದಾನವು ನಡೆಯಲಿ ಎಂಬುದು ಆ ಚಿಹ್ನೆಗಳ ಅರ್ಥ. ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನೆಂದು ಇಂಥ ಶಾಸನಗಳ ಕೊನೆಯಲ್ಲಿ ಶಾಪವಿರುವದುಂಟು. ಭೂಮಿಯನ್ನು ನಾವು ಅಪಹರಿಸಲಿಲ್ಲ; ಅಕ್ಷರವನ್ನೇ ಒಗೆದುಹಾಕಿದೆವು. ಅದಕ್ಕೆ ಯಾವ ಶಾಪವನ್ನು ಬರೆದಿದ್ದರೋ, ಅದೂ ಅಲ್ಲಿಯೇ ಸವೆದು ಹೋಗಿದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಕೊಟ್ಟರು ಎಂಬುದು ಇನ್ನು ಎಂದಿಗೂ ತಿಳಿಯುವಂತಿಲ್ಲ. ಇಂಥ ಶಾಸನಗಳ ಸಂಗ್ರಹ ಸಂಶೋಧನೆಗಳಿಗಾಗಿಯೇ ಮುಂಬಯಿ ಸರಕಾರವು 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಅದು ತೆರೆದ ಹೊತ್ತಿಗೆ ನಮ್ಮ ಅಜ್ಜಿಯ ಒಗೆತವು ಬಹುಮಟ್ಟಿಗೆ ಮುಗಿದಿತ್ತು.

ಇನ್ನು ಕಾಲೇಜಿನ ಮಾತು. ಕರ್ನಾಟಕ ಕಾಲೇಜಿನ ಕಲ್ಲುಕಟ್ಟಡವನ್ನು ಕಂಡವರೆಲ್ಲರೂ, ವಿದ್ಯೆಗಾಗಿ ಎಷ್ಟು ಭವ್ಯವಾಗಿ ಕಟ್ಟಿದರಲ್ಲ ಎಂದು ಕೊಂಡಾಡುವರು. ಅದು ವಿದ್ಯೆಗಾಗಿ ಕಟ್ಟಿದ್ದಲ್ಲ. ರೇಲ್ವೆಯ ಲೆಕ್ಕಪತ್ರಗಳಿಗಾಗಿ ಕಟ್ಟಿದ್ದು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿಯು ಅಲ್ಲಿತ್ತು. 1908ರಲ್ಲಿ ಆ ಕಂಪನಿಯು ಮದ್ರಾಸ ರೇಲ್ವೆಯೊಡನೆ ಕೂಡಿದ್ದರಿಂದ ಮುಖ್ಯ ಕಚೇರಿಯ ಪಟ್ಟವು ಮದರಾಸಿಗೆ ಹೋಯಿತು. ಕಾರಕೂನರೂ ಸಾಹೇಬರೂ ಹೊರಟುಹೋದರೆ ಪೇಟೆಯ ವ್ಯಾಪಾರಿಗಳ ಗತಿಯೇನಾಗಿದ್ದೀತೆಂದು ಊಹಿಸಬಹುದು. ಆದರೆ ಕಂಪನಿಯು ಬಿಟ್ಟುಹೋದ ಗೂಡಿನಲ್ಲಿಯೇ ಸರಸ್ವತಿಯು ಬಂದು ಕುಳಿತಳು. ಅದುವರೆಗೆ ಮುಂಬಯಿ ಕರ್ನಾಟಕದ ಹುಡುಗನು ಬಿ.ಎ. ಆಗಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು; ಮನೆಯಲ್ಲಿ ಎರಡೆತ್ತಿನ ಹೊಲವಿದ್ದವನಿಗೆ ಅದು ಕನಸಿನ ಮಾತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಪಟ್ಟ ಶ್ರಮದಿಂದ 1917ರಲ್ಲಿ ಕಾಲೇಜು ಆರಂಭವಾಯಿತು. ಕಾಲೇಜಿಗಾಗಿ ಹಣ ಕೊಡಿರೆಂದು ಕೇಳುವದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಗುಡಿಗೆಂದರೆ ಕೊಡುವ ಕೈ ಕಾಲೇಜಿಗೆಂದರೆ ಹಿಂದೆಗೆಯುವದು ಇಂದಿಗೂ ಉಂಟು. ನಾವು ಸಹ ಆ ಕಟ್ಟಡದ ಒಂದು ಎತ್ತರದ ಕೋಣೆಯಲ್ಲಿ ಕುಳಿತು ಕಾಳಿದಾಸನನ್ನು ಓದಿದೆವು. ಒಮ್ಮೆ ಆ ಕೋಣೆಯಲ್ಲಿ ಗೂಡ್ಸ್ ಗಾಡಿಗಳ ಲೆಕ್ಕ ಬರೆದಿರಬಹುದೆಂದು ಗೊತ್ತಿದ್ದರೆ ಮೇಘದ ಪ್ರಯಾಣವನ್ನು ಇನ್ನಷ್ಟು ಗಮನವಿಟ್ಟು ಕೇಳುತ್ತಿದ್ದೆವೇನೋ. ನಾಟಕಕಾರರಾದ ಗಿರೀಶ ಕಾರ್ನಾಡರು 1958ರಲ್ಲಿ ಇಲ್ಲಿಂದಲೇ ಪದವೀಧರರಾದರು. ಅದೂ ಗಣಿತ ಸಂಖ್ಯಾಶಾಸ್ತ್ರಗಳಲ್ಲಿ!

ಕೆಲವು ಸ್ಥಾನಗಳನ್ನು ಬೇಗನೆ ಹೇಳಿ ಮುಂದರಿಯುವೆವು. ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ರಾ. ಹ. ದೇಶಪಾಂಡೆಯವರು 1890ರ ಜುಲೈ 20ರಂದು ಸ್ಥಾಪಿಸಿದರು. ಕನ್ನಡವು ತನ್ನ ಮನೆಯಲ್ಲಿಯೇ ಮರಾಠಿಯ ಮುಂದೆ ತಲೆತಗ್ಗಿಸಿ ನಿಂತಿದ್ದ ಕಾಲವದು. ಆಲೂರ ವೆಂಕಟರಾಯರು 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ ವರ್ಷವೂ ಕಾಲೇಜು ಆರಂಭವಾದ ವರ್ಷವೂ ಒಂದೇ, 1917. ಸಾಧನಕೇರಿಯ ಬೇಂದ್ರೆಯವರ ಮನೆಯನ್ನು ನೋಡಲು ಪರವೂರಿನವರು ಬರುತ್ತಾರೆ. ಆಟೋದವರಿಗೂ ದಾರಿ ಗೊತ್ತು. ಮಲ್ಲಿಕಾರ್ಜುನ ಮನಸೂರರ 'ಮೃತ್ಯುಂಜಯ'ಕ್ಕೂ ಸಂಗೀತಪ್ರಿಯರು ಬರುವರು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿದವರಿಗೆ, ಅರ್ಧ ಆಧುನಿಕ ಕನ್ನಡ ಸಾಹಿತ್ಯವು ಆ ಕಿರಿದಾದ ಮೆಟ್ಟಿಲುಗಳನ್ನೇ ಹತ್ತಿ ಇಳಿದಿರುವದೆಂದು ಅನಿಸದಿರದು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಛೋಟಾ ಮಹಾಬಳೇಶ್ವರವೆಂದು ಕರೆಯುತ್ತಿದ್ದ ಗುಡ್ಡದ ಮೇಲೆ ನಿಂತಿದೆ. ಅದನ್ನು ತೋರಿಸಬೇಕಾದದ್ದಿಲ್ಲ, ಅದೇ ಕಾಣುವದು.

ಇನ್ನು ತಡವರಿಸಿದ ಸಂಗತಿ.

ಊರೊಳಗೆ ಜಕಣಿ ಬಾವಿಯೆಂಬ ಸ್ಥಳವಿದೆ. 'ಯಕ್ಷಿಣಿ'ಯ ತದ್ಭವವು 'ಜಕ್ಕಿಣಿ'. ಅದೇ ಬಾಯಿಮಾತಿನಲ್ಲಿ ಜಕಣಿಯಾಗಿರಬೇಕೆಂದು ನಮ್ಮ ಊಹೆ. ಅಲ್ಲಿ ಒಂದು ಹುತಾತ್ಮರ ಸ್ಮಾರಕವಿರುವದು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಏಳನೆಯ ಇಯತ್ತೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಊರು ತೋರಿಸಲು ಕರೆದೊಯ್ದಿದ್ದೆವು. ವಿಶ್ವವಿದ್ಯಾಲಯವನ್ನು ತೋರಿಸಿ, ಪೇಢೆ ಕೊಡಿಸಿ, ಮರಳುವಾಗ ಜಕಣಿ ಬಾವಿಯ ಹತ್ತಿರ ಬಂದೆವು. ಹಿಂದಿನ ಸಾಲಿನ ಹುಡುಗನೊಬ್ಬನು, "ಸರ್, ಇಲ್ಲಿ ಯಾರು ಸತ್ತಾರ್ರಿ?" ಎಂದು ಕೇಳಿದನು. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆಗಲಿಲ್ಲ. "ಆಮ್ಯಾಲೆ ಹೇಳ್ತೇನಿ, ಸಾಲು ಬಿಡಬ್ಯಾಡ, ನಡಿ" ಎಂದು ಗದರಿಸಿದೆವು. ಮರುದಿನ ತರಗತಿಯಲ್ಲಿ ಅವನು ಕೈಯೆತ್ತಿದಾಗ, ಅದು ಪರೀಕ್ಷೆಗೆ ಬರುವ ವಿಷಯವಲ್ಲವೆಂದು ಹೇಳಿ ಶಬ್ದರೂಪಗಳನ್ನು ಒಪ್ಪಿಸಲು ಹಚ್ಚಿದೆವು. ಅವನು ಮತ್ತೆ ಕೇಳಲಿಲ್ಲ. ಕಾಳಿದಾಸನ ಮೇಘವು ಯಾವ ಯಾವ ಊರ ಮೇಲೆ ಹಾಯ್ದುಹೋಯಿತೆಂದು ಕಣ್ಣು ಮುಚ್ಚಿ ಹೇಳಬಲ್ಲ ಮಾಸ್ತರನಿಗೆ ತಾನು ದಿನಾಲು ಹಾಯ್ದುಹೋಗುವ ಬಾವಿಯ ಕಥೆ ಗೊತ್ತಿರಲಿಲ್ಲ.

ಈಗ ಓದಿ ತಿಳಿದುಕೊಂಡಿದ್ದೇವೆ. ಅದು ಅಸಹಕಾರದ ಚಳುವಳಿಯ ಕಾಲ. ಹಿಂದೂ ಮುಸಲ್ಮಾನರು ಕೂಡಿ ಸೆರೆ ಅಂಗಡಿಗಳ ಮುಂದೆ ನಿಂತು, ಕುಡಿಯಬೇಡಿರೆಂದು ಜನರನ್ನು ತಡೆಯುತ್ತಿದ್ದರು. ಖಿಲಾಫತ್ ಸ್ವಯಂಸೇವಕರು ಅದರಲ್ಲಿ ಮುಂದಾಗಿದ್ದರು. 1921ರ ಜುಲೈ 1ರಂದು ಇಲ್ಲಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಬಹಳ ಜನ ಗಾಯಗೊಂಡರು. ಸತ್ತ ಮೂವರೂ ಮುಸಲ್ಮಾನರು. ಮುಂದೆ ಖಟ್ಲೆ ನಡೆದದ್ದು ಊರ ಜನರ ಮೇಲೆ. ಗಾಂಧೀಜಿಯವರ 'ಯಂಗ್ ಇಂಡಿಯಾ'ದಲ್ಲಿಯೂ ಧಾರವಾಡದ ಈ ಪ್ರಕರಣದ ಚರ್ಚೆ ಬಂದಿತು. ಅದೇ ಕಾಲೇಜು ಆಗ ನಾಲ್ಕು ವರ್ಷದ ಕೂಸು. ಪದವಿ, ಪುಸ್ತಕ, ಸಂಗೀತಗಳಿಗೆ ಹೆಸರಾದ ಊರಿನಲ್ಲಿ, ನೆರೆಮನೆಯವನು ಕುಡಿದು ಹಾಳಾಗಬಾರದೆಂದು ಬೀದಿಯಲ್ಲಿ ನಿಂತದ್ದಕ್ಕಾಗಿ ಮೂವರು ಪ್ರಾಣ ಕೊಟ್ಟರು. ಥ್ಯಾಕರೆಯ ಚಿಕ್ಕಪ್ಪ ದೊಡ್ಡಪ್ಪಂದಿರ ಲೆಕ್ಕವನ್ನೆಲ್ಲ ಬಲ್ಲ ನಮಗೆ ಈ ಮೂವರ ಸಂಗತಿ ತಿಳಿಯಲು ಅರವತ್ತು ವರ್ಷ ಬೇಕಾಯಿತು.

ಆ ಹುಡುಗನು ಈಗ ಕಾಲೇಜಿನ ಹತ್ತಿರ ಝೆರಾಕ್ಸ್ ಅಂಗಡಿಯಿಟ್ಟಿರುವನೆಂದು ತಿಳಿದು ಕಳೆದ ತಿಂಗಳು ಅಲ್ಲಿಗೆ ಹೋದೆವು. ಪರೀಕ್ಷೆಯ ಕಾಲವಾದ್ದರಿಂದ ಅಂಗಡಿಯ ತುಂಬ ಹುಡುಗರಿದ್ದರು. ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಯಂತ್ರ ನಿಲ್ಲಿಸಿ, ಕಾಲು ಮುಟ್ಟಿ, "ಪೆನ್ಶನ್ ಕಾಗದ ಏನ್ರಿ ಸರ್? ಕೊಡ್ರಿ, ಮೊದಲ ನಿಮ್ಮದು ಮಾಡ್ತೇನಿ" ಎಂದನು.

"ಕಾಗದ ಅಲ್ಲಪಾ. ನೀ ಏಳನೇ ಇಯತ್ತೆದಾಗ ಒಂದು ಪ್ರಶ್ನಾ ಕೇಳಿದ್ದಿ. ಉತ್ತರ ಹೇಳಲಿಕ್ಕೆ ಬಂದೇನಿ" ಎಂದೆವು.

ಅವನಿಗೆ ಪ್ರಶ್ನೆಯ ನೆನಪಿರಲಿಲ್ಲ. ಜಕಣಿ ಬಾವಿಯೆಂದು ಹೇಳಿದರೂ ನೆನಪಾಗಲಿಲ್ಲ. ಶಬ್ದರೂಪ ಬಾರದೆ ನಾವು ಬೆಂಚಿನ ಮೇಲೆ ನಿಲ್ಲಿಸಿದ್ದು ಮಾತ್ರ ನೆನಪಿತ್ತು. ಅದನ್ನು ಹೇಳಿ ಹುಡುಗರ ಮುಂದೆ ನಕ್ಕನು. ನಾವೂ ನಕ್ಕೆವು. ಅನಂತರ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆವು. ಪ್ರತಿಗಾಗಿ ಕಾದಿದ್ದ ಇಬ್ಬರು ವಿದ್ಯಾರ್ಥಿಗಳೂ ಕೇಳಿದರು. ಒಳಗಿನಿಂದ ಅವನ ಮಗನು ಬಂದು ಬಾಗಿಲಲ್ಲಿ ನಿಂತನು. ಅವನೂ ಈಗ ಏಳನೆಯ ಇಯತ್ತೆ. ಮುಗಿದ ಮೇಲೆ ಹುಡುಗನು ತಂದೆಯ ಮುಖವನ್ನೂ ನಮ್ಮ ಮುಖವನ್ನೂ ನೋಡಿ, "ಬಾಟಲಿ ಮಾರಾವನ ಮ್ಯಾಲೆ ಯಾಕ ಗುಂಡು ಹಾರಸಲಿಲ್ರಿ?" ಎಂದು ಕೇಳಿದನು.

ಇದಕ್ಕೆ ಉತ್ತರ ಹೇಳಬೇಕಾದರೆ ಆ ಕಾಲದ ಅಬಕಾರಿ ಆದಾಯದ ಮಾತು ಎತ್ತಬೇಕು. ಸೆರೆಯ ಮಾರಾಟದಿಂದ ಸರಕಾರಕ್ಕೆ ಬರುತ್ತಿದ್ದ ಹಣದ ಮಾತು. ಅಷ್ಟರಲ್ಲಿ ಗಿರಾಕಿಗಳು ಹೆಚ್ಚಾದರು. ಅವನ ತಂದೆಯು ಯಂತ್ರವನ್ನು ಮತ್ತೆ ಹಚ್ಚುತ್ತ, "ಆಯಿತವಾರ ಅಂಗಡಿ ಸೂಟಿ ಅದರೀ ಸರ್. ಮುಂಜಾನೆ ಏಳಕ್ಕ ಇವನ್ನ ಕರಕೊಂಡು ಜಕಣಿ ಬಾವಿ ಹಂತ್ಯಾಕ ಬರ್ತೇನಿ. ನೀವೂ ಬರ್ರಿ" ಎಂದನು. ಮೊಮ್ಮಗಳನ್ನೂ ಕರೆತರುವೆವೆಂದು ಹೇಳಿ ಹೊರಟೆವು. ಕಾಯಿಪಲ್ಯೆ ತರುವದು ಅಂದೂ ಮರೆತಿತ್ತು.